ನಮ್ಮ ಹಾಡಿನಲ್ಲಿ ಈ ಊರು ಯಾಕಿಲ್ಲ ಮಾರಾಯ್ರೆ?

ಮೊನ್ನೆ ಭಾನುವಾರ ನಮ್ಮ ಸಂಘದ ಕಮಿಟಿ ಮೀಟಿಂಗ್ ಇತ್ತು. ವಾರ್ಷಿಕೋತ್ಸವಕ್ಕೆ ಹಾಡುಗಳ ಪಟ್ಟಿ ಮಾಡುವ ಕೆಲಸ. ಅದೇನೂ ದೊಡ್ಡ ತಲೆನೋವಲ್ಲ, ಕಳೆದ ವರ್ಷದ ಪಟ್ಟಿಯನ್ನೇ ಸ್ವಲ್ಪ ಹಿಂದೆ ಮುಂದೆ ಮಾಡಿದರೆ ಮುಗಿಯಿತು. ನಾಡಗೀತೆ, ಎರಡು ಭಾವಗೀತೆ, ಒಂದು ದಾಸರ ಪದ, ಹೆಂಗಸರ ಕೋಲಾಟದ್ದೊಂದು, ಮಕ್ಕಳದ್ದೊಂದು ಸಿನಿಮಾ ಡಾನ್ಸ್. ಚಾ ಬಂತು, ಬಿಸ್ಕೂಟು ಬಂತು, ಇನ್ನೇನು ಎದ್ದೇಳಬೇಕು ಅನ್ನುವಾಗ ಬಾಗಿಲ ಹತ್ತಿರ ಕೂತಿದ್ದ ಒಬ್ಬ ಹುಡುಗ, ಹತ್ತೊಂಬತ್ತು ವರ್ಷ ಇರಬಹುದು, ಇಲ್ಲೇ ಹುಟ್ಟಿ ಇಲ್ಲೇ ಬೆಳೆದವನು, ಮೊಬೈಲು ಹಿಡಿದುಕೊಂಡು ಎದ್ದು ನಿಂತ. "ನಾನೊಂದು ಹಾಡು ಬರೆದಿದ್ದೇನೆ, ಹೇಳಲಾ?" ಅಂದ.

ಹೇಳಿದ. ಕನ್ನಡದ ಹಾಡೇ. ಬೆಳಗಿನ ಲೋಕಲ್ ಬಗ್ಗೆ, ಅಪ್ಪನ ಡಬ್ಬಿಯ ಬಗ್ಗೆ, ಮಳೆಗಾಲದಲ್ಲಿ ಸೋರುವ ಮನೆಯ ಬಗ್ಗೆ. ಒಂದೆರಡು ಕಡೆ ವ್ಯಾಕರಣ ತಪ್ಪಿತ್ತು, ಒಂದು ಕಡೆ ಮರಾಠಿ ಶಬ್ದ ನುಸುಳಿತ್ತು. ಆದರೆ ರಾಗ ಚೆನ್ನಾಗಿತ್ತು, ಹುಡುಗನ ದನಿಯಲ್ಲಿ ಸುಳ್ಳಿರಲಿಲ್ಲ.

ನಮ್ಮ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು ಹೇಳಿದರು, "ಒಳ್ಳೇದುಂಟು ಮಗಾ. ಆದರೆ ನಮ್ಮ ಸ್ಟೇಜು ಇರುವುದು ನಾಡು-ನುಡಿಗೆ. ಮುಂಬೈ ಮೇಲಿನ ಹಾಡು ಹಿಂದಿಯಲ್ಲಿ ಬೇಕಾದಷ್ಟು ಉಂಟಲ್ಲ. ನೀನೊಂದು ಊರಿನ ಹಾಡು ಹೇಳು."

ಎಲ್ಲರೂ ತಲೆ ಅಲ್ಲಾಡಿಸಿದರು. ನಾನೂ ಅಲ್ಲಾಡಿಸಿದೆ. ಹುಡುಗ ಮೊಬೈಲು ಜೇಬಿಗೆ ಹಾಕಿಕೊಂಡ.

ಆಮೇಲೆ ರೈಲಿನಲ್ಲಿ ಡೊಂಬಿವಲಿಗೆ ಬರುವಾಗ ಉದ್ದಕ್ಕೂ ನನಗೆ ಕಿರಿಕಿರಿ. ನಾನು ಯಾಕೆ ತಲೆ ಅಲ್ಲಾಡಿಸಿದೆ? 1981ರಲ್ಲಿ ಕುಂದಾಪುರದಿಂದ ಬಸ್ಸು ಹತ್ತಿ, ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಇಲ್ಲಿ ಇಳಿದವನು ನಾನು. ಹೋಟೆಲಿನಲ್ಲಿ ಟೇಬಲು ಒರೆಸಿ, ರಾತ್ರಿ ಶಾಲೆಯಲ್ಲಿ ತೂಕಡಿಸುತ್ತಾ ಮೆಟ್ರಿಕ್ ಮುಗಿಸಿ, ಗುಮಾಸ್ತನಾಗಿ ನಿವೃತ್ತಿಯಾದವನು. ನಾಲ್ಕು ದಶಕ ಅನ್ನ ಹಾಕಿದ ಊರಿನ ಮೇಲೆ ನನ್ನ ಭಾಷೆಯಲ್ಲೊಂದು ಹಾಡು ಬಂದು ಬಾಗಿಲಲ್ಲಿ ನಿಂತಿತ್ತು. ನಾವು ಅದನ್ನು "ಮುಂದಕ್ಕೆ ಹೋಗಪ್ಪ" ಅಂದು ಕಳಿಸಿದೆವು. ಆವತ್ತು ಆಡಬೇಕಾಗಿದ್ದ ಮಾತನ್ನು ಇವತ್ತು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಖಾರವಾದರೆ ಕ್ಷಮಿಸಿ, ಖಾರ ಮೊದಲು ನನ್ನ ಮೇಲೆಯೇ.

ಮೊದಲು ಆ ಮಾತನ್ನೇ ತೆಗೆದುಕೊಳ್ಳೋಣ, "ಹಿಂದಿಯಲ್ಲಿ ಬೇಕಾದಷ್ಟು ಉಂಟಲ್ಲ." ಹೌದು, ಉಂಟು. ಆದರೆ ಅವನ್ನು ಬರೆದವರು, ಹಾಡಿದವರು ಯಾರು?

ಈ ನಗರದ ಹಾಡು ಅಂದ ಕೂಡಲೇ ಎಲ್ಲರ ಬಾಯಿಗೆ ಬರುವುದು 1956ರ 'ಸಿ.ಐ.ಡಿ.' ಚಿತ್ರದ ಹಾಡು. ಹೆಸರು ಹೇಳುವುದೇ ಬೇಡ, ನೀವಾಗಲೇ ಗುನುಗುತ್ತಿದ್ದೀರಿ. ಬರೆದವರು ಮಜರೂಹ್ ಸುಲ್ತಾನ್‌ಪುರಿ, ಹೆಸರಲ್ಲೇ ಊರಿದೆ, ಉತ್ತರ ಪ್ರದೇಶದ ಸುಲ್ತಾನ್‌ಪುರ. ಸಂಗೀತ ಓ.ಪಿ. ನಯ್ಯರ್, ಲಾಹೋರಿನವರು. ಹಾಡಿದ ಮೊಹಮ್ಮದ್ ರಫಿ ಅಮೃತಸರದ ಹತ್ತಿರದ ಹಳ್ಳಿಯವರು, ಗೀತಾ ದತ್ ಈಗಿನ ಬಾಂಗ್ಲಾದೇಶದ ಫರೀದ್‌ಪುರದ ಕಡೆಯವರು. ತೆರೆಯ ಮೇಲೆ ಹಾಡಿದ ಜಾನಿ ವಾಕರ್ ಇಂದೋರಿನವರು, ಸಿನಿಮಾಕ್ಕೆ ಬರುವ ಮುಂಚೆ ಇದೇ ಊರಿನ ಬೆಸ್ಟ್ ಬಸ್ಸಿನಲ್ಲಿ ಟಿಕೇಟು ಹರಿದವರು. ಇನ್ನು ಆ ಹಾಡಿನ ದಾಟಿ? ಅದೂ ಇಲ್ಲಿಯದಲ್ಲ ಸ್ವಾಮಿ, ಹಳೆಯ ಅಮೆರಿಕನ್ ಜನಪದ ಹಾಡೊಂದರಿಂದ ಬಂದದ್ದು.

ಮತ್ತೆ ಈ ಚಿತ್ರದ ನಿರ್ಮಾಪಕರು ಯಾರು? ಗುರುದತ್. ಪೂರ್ತಿ ಹೇಳುವುದಾದರೆ ಗುರುದತ್ ಪಡುಕೋಣೆ. ಹುಟ್ಟಿದ್ದು 1925ರಲ್ಲಿ, ಬೆಂಗಳೂರಿನಲ್ಲಿ. ಪಡುಕೋಣೆ ಎಲ್ಲಿದೆ ಅಂತ ನಮ್ಮ ಕಮಿಟಿಯ ಅರ್ಧ ಜನರಿಗೆ ಗೊತ್ತು, ಮರವಂತೆಯ ಹತ್ತಿರ, ನಮ್ಮದೇ ಕಡೆ.

ಅಂದರೆ ಈ ಊರಿನ ಅತಿ ದೊಡ್ಡ ಹಾಡನ್ನು ಕಟ್ಟಿದ ಇಷ್ಟು ಮಂದಿಯಲ್ಲಿ ಒಬ್ಬರೂ ಈ ಊರಲ್ಲಿ ಹುಟ್ಟಿದವರಲ್ಲ. ಎಲ್ಲರೂ ನಮ್ಮ ಹಾಗೆ ಪೆಟ್ಟಿಗೆ ಹಿಡಿದು ಬಂದವರು. ವ್ಯತ್ಯಾಸ ಒಂದೇ. ಅವರು ಬಂದ ಊರಿನ ಮೇಲೆ ಹಾಡು ಕಟ್ಟಿದರು, ನಾವು ಬಿಟ್ಟು ಬಂದ ಊರಿನ ಮೇಲೆ ಮಾತ್ರ ಹಾಡುತ್ತಾ ಕೂತೆವು. "ಅದು ಹಿಂದಿಯವರ ಹಾಡು" ಅಂದರೆ ಅರ್ಥವಿಲ್ಲ. ಅದು ಪರವೂರಿನಿಂದ ಬಂದವರ ಹಾಡು, ನಮ್ಮ ಜಾತಿಯವರದ್ದೇ.

ಎರಡನೆಯ ಮಾತು. ಆ ಹಾಡು ಏನು ಹೇಳುತ್ತದೆ ಅಂತ ಯಾರಾದರೂ ಕಿವಿಗೊಟ್ಟು ಕೇಳಿದ್ದೀರಾ?

ನಮ್ಮ ಟಿವಿಯವರು ಕೇಳಿದಂತಿಲ್ಲ. ಸಮುದ್ರ ತೋರಿಸಿ, ಮರೀನ್ ಡ್ರೈವಿನ ದೀಪ ತೋರಿಸಿ ಅದೇ ಹಾಡು ಹಾಕುತ್ತಾರೆ, ಏನೋ ಊರಿನ ಹುಟ್ಟುಹಬ್ಬದ ಹಾಡು ಅನ್ನುವ ಹಾಗೆ. ಆದರೆ ಅದು ಹೊಗಳಿಕೆಯ ಹಾಡೇ ಅಲ್ಲ. ತೆರೆಯ ಮೇಲೆ ಅದನ್ನು ಹಾಡುವವನು ಒಬ್ಬ ಜೇಬುಗಳ್ಳ! ಇಲ್ಲಿ ಬದುಕುವುದು ಕಷ್ಟ, ಎಚ್ಚರ ತಪ್ಪಬೇಡ ಅಂತ ಅವನು ಶುರು ಮಾಡುತ್ತಾನೆ. ಇಲ್ಲಿ ಎಲ್ಲವೂ ಸಿಗುತ್ತದೆ, ಮನುಷ್ಯನ ಹೃದಯ ಒಂದು ಬಿಟ್ಟು ಅನ್ನುತ್ತಾನೆ. ಮನೆ ಇಲ್ಲದವನನ್ನು ಅಲೆಮಾರಿ ಅಂತ ಬೈಯುವ ಜನ, ತಾವು ಇನ್ನೊಬ್ಬರ ಕತ್ತು ಕೊಯ್ದರೆ ಅದನ್ನು ವ್ಯಾಪಾರ ಅನ್ನುತ್ತಾರೆ ಅಂತ ನಗುನಗುತ್ತಾ ಹೇಳಿಬಿಡುತ್ತಾನೆ. ನೆಹರೂ ಅವರನ್ನೇ ಪದ್ಯದಲ್ಲಿ ಟೀಕಿಸಿ ಜೈಲು ಕಂಡು ಬಂದ ಕವಿ ಬರೆದದ್ದು ಅದು. ಕೊನೆಗೆ ಹೆಣ್ಣಿನ ದನಿ ಬಂದು, ಇಲ್ಲ, ಇಲ್ಲಿ ಬದುಕುವುದು ಸುಲಭವೇ, ಮಾಡಿದ್ದನ್ನು ಉಣ್ಣುತ್ತೀಯ ಅಷ್ಟೆ ಅಂತ ಉತ್ತರ ಕೊಡುತ್ತದೆ. ಒಂದೇ ಹಾಡಿನಲ್ಲಿ ದೂರು ಮತ್ತು ಉತ್ತರ ಎರಡೂ. ಗಂಡ ಹೆಂಡತಿ ರಾತ್ರಿ ಮನೆಯಲ್ಲಿ ಮಾತಾಡಿದ ಹಾಗಿದೆ.

ಇಂಥ ಹಾಡನ್ನು ಹಿಡಿದು ನಾವು "ಮುಂಬೈ ಸ್ಪಿರಿಟ್" ಅನ್ನುವ ಭಜನೆ ಮಾಡಿಬಿಟ್ಟೆವು. 2005ರ ಜುಲೈ 26 ನೆನಪಿದೆಯಾ? ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ನಾನು ಆ ರಾತ್ರಿ ಸೊಂಟದವರೆಗಿನ ನೀರಿನಲ್ಲಿ ಕುರ್ಲಾ ದಾಟಿ ನಡೆದು, ಮರುದಿನ ಸಂಜೆ ಮನೆ ಸೇರಿದವನು. ದಾರಿಯಲ್ಲಿ ಯಾರೋ ಬಿಸ್ಕೂಟು ಕೊಟ್ಟರು, ಯಾರೋ ಮನೆಯೊಳಗೆ ಕರೆದು ಚಾ ಕೊಟ್ಟರು. ಅದು ನಿಜ, ಸಾಯುವವರೆಗೆ ಮರೆಯುವುದಿಲ್ಲ. ಆದರೆ ಮಾರನೆಯ ವಾರದಿಂದಲೇ "ನೋಡಿ ಮುಂಬೈ ಹೇಗೆ ಎದ್ದು ನಿಂತಿತು" ಅಂತ ಹಾಡಿನ ಜತೆ ಶುರುವಾಯಿತಲ್ಲ, ಆಗ ಮೈ ಉರಿಯಿತು. ಎದ್ದು ನಿಲ್ಲದೆ ಎಂತ ಮಾಡುವುದು ಮಾರಾಯ್ರೆ? ರಜೆ ಹಾಕಿದರೆ ಸಂಬಳ ಕಟ್. ಮೀಠಿ ನದಿಯ ಕಸ ಯಾಕೆ ತೆಗೆಯಲಿಲ್ಲ ಅಂತ ಕೇಳಬೇಕಾದ ಕಡೆ ಹಾಡು ಹಾಕಿ ಬಾಯಿ ಮುಚ್ಚಿಸಿದರು. ಎಚ್ಚರಿಕೆಯ ಹಾಡನ್ನು ಜೋಗುಳ ಮಾಡಿದ್ದು ಯಾರು? ಕೇಳುವವರು, ಅಂದರೆ ನಾವು.

ಇನ್ನು ಕೆಲವರು ಇದಕ್ಕೆ ಉಲ್ಟಾ ಹೇಳುತ್ತಾರೆ. "ಸಿನಿಮಾ ಹಾಡು ಎಲ್ಲ ದುಡ್ಡಿಗೆ ಬರೆದದ್ದು, ಅದರಲ್ಲಿ ಊರು ಎಲ್ಲಿದೆ?" ಅಂತ. ನಮ್ಮ ಸಾಹಿತ್ಯದ ಗೆಳೆಯರೊಬ್ಬರು ಯಾವಾಗಲೂ ಈ ವಾದ ಮಾಡುತ್ತಾರೆ. ಅವರಿಗೆ ನಾನು ಎರಡು ಚಿತ್ರ ತೋರಿಸುತ್ತೇನೆ.

ಒಂದು 1977ರ 'ಘರೌಂದಾ'. ಭೀಮ್‌ಸೇನ್ ನಿರ್ದೇಶನ, ಜೈದೇವ್ ಸಂಗೀತ, ಗುಲ್ಜಾರ್ ಹಾಡುಗಳು. ಆಫೀಸಿನ ಹುಡುಗ, ಆಫೀಸಿನ ಹುಡುಗಿ, ಭೂಪಿಂದರ್ ಮತ್ತು ರೂನಾ ಲೈಲಾ ದನಿಯಲ್ಲಿ ಹಾಡುತ್ತಾ ಹುಡುಕುವುದು ಏನನ್ನು? ಚಂದ್ರನನ್ನಲ್ಲ, ಬ್ಲಾಕನ್ನು! ಒಂದು ಮನೆ. ಕೂಡಿಟ್ಟ ದುಡ್ಡು ಬಿಲ್ಡರನ ಮೋಸದಲ್ಲಿ ಮುಳುಗಿ ಹೋಗುತ್ತದೆ, ಜತೆಗೆ ಪ್ರೀತಿಯೂ. ಅದೇ ಚಿತ್ರದಲ್ಲಿ ಭೂಪಿಂದರ್ ಒಬ್ಬರೇ ಹಾಡುವ ಇನ್ನೊಂದಿದೆ, ಮೊದಲಿನದು ಎಷ್ಟು ಹಗುರವೋ ಇದು ಅಷ್ಟು ಭಾರ. ಒಬ್ಬಂಟಿಯಾಗಿ ಹಗಲು ರಾತ್ರಿ ಸೂರು ಹುಡುಕುವವನ ಹಾಡು. ಪಗಡಿ ಕೊಡಲಾಗದೆ, ಡಿಪಾಸಿಟ್ ಹೊಂದಿಸಲಾಗದೆ, ಹನ್ನೊಂದು ತಿಂಗಳಿಗೊಮ್ಮೆ ಪಾತ್ರೆಪಗಡಿ ಕಟ್ಟಿದವರು ಯಾರಾದರೂ ಈ ಹಾಡನ್ನು ಸುಳ್ಳು ಅನ್ನಲಿ ನೋಡೋಣ.

ಇನ್ನೊಂದು 1978ರ 'ಗಮನ್', ಮುಜಫ್ಫರ್ ಅಲಿಯದ್ದು. ಉತ್ತರ ಪ್ರದೇಶದ ಹಳ್ಳಿಯಿಂದ ತಾಯಿ, ಹೆಂಡತಿಯನ್ನು ಬಿಟ್ಟು ಬಂದು ಟ್ಯಾಕ್ಸಿ ಓಡಿಸುವವನ ಕಥೆ. ಶಹರ್ಯಾರ್ ಬರೆದ ಗಜಲನ್ನು ಸುರೇಶ್ ವಾಡ್ಕರ್ ಹಾಡುತ್ತಾರೆ. ಈ ಊರಿನಲ್ಲಿ ಪ್ರತಿಯೊಬ್ಬನೂ ಯಾಕೆ ಹೀಗೆ ಕಳವಳದಲ್ಲಿದ್ದಾನೆ ಅಂತ ಕೇಳುವ ಗಜಲ್. ಕೊನೆಗೆ ಅವನು ಸ್ಟೇಷನ್ನಿಗೆ ಬರುತ್ತಾನೆ, ಊರಿನ ರೈಲು ಎದುರಿಗಿದೆ, ಹತ್ತುವುದಿಲ್ಲ. ದುಡ್ಡು ಸಾಲದು. ನಾನಿದನ್ನು ಇಲ್ಲಿಗೆ ಬಂದ ಎರಡನೆಯ ವರ್ಷ ನೋಡಿದೆ. ಥಿಯೇಟರಿನಲ್ಲಿ ಪಕ್ಕದಲ್ಲಿ ಕೂತಿದ್ದ ಭೈಯಾ ಅಳುತ್ತಿದ್ದ, ನಾನೂ ಅಳುತ್ತಿದ್ದೆ. ನಮ್ಮಿಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಸರಿಯಾಗಿ ಬರುತ್ತಿರಲಿಲ್ಲ.

ಮರಾಠಿಗೆ ಬನ್ನಿ. ಸಾಂಗ್ಲಿ ಜಿಲ್ಲೆಯ ವಾಟೆಗಾಂವಿನಿಂದ ಹುಡುಗನಾಗಿದ್ದಾಗ ಮನೆಯವರ ಜತೆ ನಡೆದುಕೊಂಡೇ ಮುಂಬೈಗೆ ಬಂದ ಅಣ್ಣಾಭಾವು ಸಾಠೆ, ಗಿರಣಿಯಲ್ಲಿ ದುಡಿದು, ಈ ಊರಿನ ಮೇಲೊಂದು ಲಾವಣಿ ಕಟ್ಟಿದರು. ಒಂದು ಕಡೆ ಮಲಬಾರ್ ಹಿಲ್ಲಿನ ಕುಬೇರರು, ಇನ್ನೊಂದು ಕಡೆ ಪರೇಲಿನಲ್ಲಿ ಹಗಲಿರುಳು ಗೇಯುವವರು. ಊರಲ್ಲುಳಿದ ಹೆಂಡತಿಯನ್ನು ನೆನೆಯುವ ಅವರ 'ಮಾಝೀ ಮೈನಾ' ಹಾಡು ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಕಾಲದ್ದು, ಶಾಹೀರ್ ಅಮರ್ ಶೇಖ್ ದನಿಯಲ್ಲಿ ಮನೆಮಾತಾದದ್ದು. ಅದರಲ್ಲಿ ಬೆಳಗಾವಿ, ಕಾರವಾರ ನಮ್ಮದಾಗಬೇಕಿತ್ತು ಅನ್ನುವ ಮಾತೂ ಬರುತ್ತದೆ. ಆ ಮಾತು ನಾನು ಒಪ್ಪುವುದಿಲ್ಲ, ಯಾವತ್ತೂ ಒಪ್ಪುವುದಿಲ್ಲ. ಆದರೆ ಊರಲ್ಲಿ ಹೆಂಡತಿಯನ್ನು ಬಿಟ್ಟು ಬಂದವನ ಸಂಕಟವನ್ನು ನಮ್ಮ ಹೋಟೆಲಿನ ಅಟ್ಟದ ಮೇಲೆ ಹತ್ತು ಮಂದಿ ಒತ್ತೊತ್ತಾಗಿ ಮಲಗುತ್ತಿದ್ದ ನಮಗಿಂತ ಚೆನ್ನಾಗಿ ಯಾರು ಬಲ್ಲರು? ಆ ಸಂಕಟ ಮರಾಠಿಯಲ್ಲಿ ಹಾಡಾಯಿತು. ನಮ್ಮದು ಹಾಡಾಗಲಿಲ್ಲ, ಮನಿಯಾರ್ಡರಿನ ಕೆಳಗಿನ ಎರಡು ಸಾಲಾಗಿ ಮುಗಿದುಹೋಯಿತು.

ಹಾಡು ಸುಮ್ಮನೆ ಹೊತ್ತು ಕಳೆಯುವ ಸಂಗತಿ ಅಲ್ಲ. ಅದೊಂದು ದಾಖಲೆ. 'ಸಿ.ಐ.ಡಿ.' ಹಾಡಿನಲ್ಲಿ ಟ್ರಾಮ್ ಬರುತ್ತದೆ, ಗಿರಣಿ ಬರುತ್ತದೆ. ಈ ಊರಿನ ಕೊನೆಯ ಟ್ರಾಮ್ ಓಡಿದ್ದು 1964ರ ಮಾರ್ಚ್ 31ರಂದು. ಗಿರಣಿಗಳ ಕಥೆ 1982ರ ಜನವರಿ 18ಕ್ಕೆ ಶುರುವಾದ ಮುಷ್ಕರದ ನಂತರ ಹೆಚ್ಚುಕಡಿಮೆ ಮುಗಿದಂತೆಯೇ. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ದತ್ತಾ ಸಾಮಂತರ ಹಿಂದೆ ಬೀದಿಗಿಳಿದರು, ಬಹಳ ಮಂದಿ ಮತ್ತೆ ಒಳಗೆ ಹೋಗಲೇ ಇಲ್ಲ. ನಮ್ಮ ಹೋಟೆಲಿಗೆ ಬರುತ್ತಿದ್ದ ಗಿರಣಿಯವರು ಮೊದಲು ಊಟ ಬಿಟ್ಟರು, ಆಮೇಲೆ ತಿಂಡಿ ಬಿಟ್ಟರು, ಕಟಿಂಗ್ ಚಾಯ್‌ಗೆ ಬಂದರು, ಆಮೇಲೆ ಬರಲೇ ಇಲ್ಲ. ಈಗ ಅಲ್ಲಿ ಮಾಲ್ ಉಂಟು, ಗಾಜಿನ ಟವರ್ ಉಂಟು. ಹಳೆಯ ಡೀಸೆಲ್ ಡಬಲ್ ಡೆಕ್ಕರ್ ಬಸ್ಸು 2023ರ ಸೆಪ್ಟೆಂಬರಿನಲ್ಲಿ ಹೋಯಿತು, ಮರು ತಿಂಗಳೇ ಕರಿ-ಹಳದಿ ಪದ್ಮಿನಿ ಟ್ಯಾಕ್ಸಿಯೂ ಹೋಯಿತು. ಮೊಮ್ಮಗಳು "ಟ್ರಾಮ್ ಅಂದರೆ ಏನಜ್ಜ?" ಅಂತ ಕೇಳಿದ್ದು ಆ ಹಾಡು ಕೇಳಿ. ಚರಿತ್ರೆಯ ಪುಸ್ತಕ ಓದಿ ಅಲ್ಲ.

ಹಾಗಾದರೆ ನಮ್ಮ ರಾತ್ರಿ ಶಾಲೆಗಳ ದಾಖಲೆ ಎಲ್ಲಿ? ಗ್ರೈಂಡರಿನ ಪಕ್ಕ ಕೂತು ಬಾಯಿಪಾಠ ಮಾಡಿದ ಹುಡುಗರ ಹಾಡು ಎಲ್ಲಿ? ಮಾಟುಂಗಾದ ಫುಟ್‌ಪಾತಿನಲ್ಲಿ ಮಲ್ಲಿಗೆ ಮೊಳ ಅಳೆಯುವುದನ್ನು ನೋಡುತ್ತಾ ಊರಿನ ಬಸ್ಸು ಕಾದವರ ಹಾಡು? ಕೊಂಕಣ ರೈಲು ಪೂರ್ತಿ ಶುರುವಾದದ್ದು 1998ರಲ್ಲಿ. ಅದಕ್ಕೂ ಮುಂಚೆ, ಅಪ್ಪ ಹೋದ ಅಂತ ತಂತಿ ಬಂದರೆ ಹೆಣದ ಮುಖ ನೋಡಲು ಸಿಗುತ್ತದೋ ಇಲ್ಲವೋ ಅಂತ ಇಡೀ ದಾರಿ ಬಸ್ಸಿನಲ್ಲಿ ಕುದಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಅದರ ಮೇಲೆ ಒಂದು ಹಾಡು ನಮ್ಮ ಸ್ಟೇಜಿನಲ್ಲಿ ಕೇಳಿದ್ದೀರಾ? ನಾನಂತೂ ಕೇಳಿಲ್ಲ. ಕೇಳಿದ್ದೆಲ್ಲ ತೆಂಗು, ಗದ್ದೆ, ಹೊಳೆ, ಮಲೆನಾಡು.

ಕನ್ನಡದ ಕೈಯಲ್ಲಿ ಆಗುವುದಿಲ್ಲ ಅಂತಲ್ಲ. ಯಶವಂತ ಚಿತ್ತಾಲರ 'ಶಿಕಾರಿ' 1979ರಲ್ಲೇ ಈ ಊರಿನ ಆಫೀಸುಗಳ ಒಳಗಿನ ಭಯವನ್ನು ಕನ್ನಡದಲ್ಲಿ ಬಿಚ್ಚಿಟ್ಟಿತು. ವ್ಯಾಸರಾಯ ಬಲ್ಲಾಳರ 'ಬಂಡಾಯ'ಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗೋಕರ್ಣದಿಂದ ಬಂದು ಇಲ್ಲಿ ದುಡಿದ ಜಯಂತ ಕಾಯ್ಕಿಣಿಯವರ ಮುಂಬೈ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2018ರ ಡಿ.ಎಸ್.ಸಿ. ಪ್ರಶಸ್ತಿ ಬಂತು. ಇನ್ನೊಂದು ತಮಾಷೆ ನೋಡಿ, ಅದೇ ಕಾಯ್ಕಿಣಿ 2006ರ 'ಮುಂಗಾರು ಮಳೆ'ಯ ಹಾಡು ಬರೆದಾಗ ಇಡೀ ಕರ್ನಾಟಕ ಗುನುಗಿತು, ನಮ್ಮ ಸಂಘದ ಮಕ್ಕಳೂ ಕುಣಿದರು. ಅದರಲ್ಲಿ ಮಳೆ ಉಂಟು, ನಮ್ಮ ಮಳೆ ಅಲ್ಲ. ಗದ್ಯ ಬರೆಯುವವರು ಈ ಊರನ್ನು ಕನ್ನಡಕ್ಕೆ ತಂದುಕೊಟ್ಟರು. ಆದರೆ ಕಾದಂಬರಿಯನ್ನು ಓದಬೇಕು. ಹಾಡನ್ನು ಓದು ಬಾರದವನೂ ಹಾಡುತ್ತಾನೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅವರಿಗೆ ದಾಟುವ ಸಾಹಿತ್ಯ ಹಾಡು ಒಂದೇ!

ಈಗ ನಮ್ಮ ಹಿರಿಯರ ಪರವಾಗಿಯೂ ಮಾತಾಡಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಅವರ ವಾದ ಇಷ್ಟು. "ಮನೆಯಿಂದ ಹೊರಗೆ ಕಾಲಿಟ್ಟರೆ ಹಿಂದಿ, ಮರಾಠಿ, ಇಂಗ್ಲಿಷು. ವರ್ಷದಲ್ಲಿ ಒಂದು ಸಂಜೆ, ಮೂರು ಗಂಟೆ, ನಮ್ಮ ನಾಡು ನೆನೆಯುತ್ತೇವೆ. ಅದರಲ್ಲೂ ಮುಂಬೈ ತುರುಕಿದರೆ ನಮಗೆ ಉಳಿಯುವುದು ಏನು?" ಇದು ಸಣ್ಣ ಮಾತಲ್ಲ. ಅವರು ಚಂದಾ ಎತ್ತಿ, ಬಾಡಿಗೆ ಹಾಲ್ ಹಿಡಿದು, ಸ್ವಂತ ಕೆಲಸ ಬಿಟ್ಟು ಈ ಸಂಘ ಕಟ್ಟದಿದ್ದರೆ ಆ ಹುಡುಗನಿಗೆ ಎದ್ದು ನಿಲ್ಲುವುದಕ್ಕೆ ಬಾಗಿಲೂ ಇರುತ್ತಿರಲಿಲ್ಲ. ಅವರ ಕಾಲಿಗೆ ನಮಸ್ಕಾರ.

ಆದರೆ ಹಿರಿಯರೇ, ಒಂದು ಮಾತು. ಕನ್ನಡವನ್ನು ನೆನಪಿಗೆ ಮಾತ್ರ ಇಟ್ಟುಕೊಂಡರೆ, ನೆನಪು ಇರುವವರ ಜತೆಗೇ ಅದು ಹೋಗುತ್ತದೆ. ಗದ್ದೆ ನೋಡದ ಮಗು ಗದ್ದೆಯ ಹಾಡು ಹಾಡಿದರೆ ಅದು ಬಾಯಿಪಾಠ, ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಹಾಗೆ. ಅದೇ ಮಗು ದಿನಾ ಜೋತುಬೀಳುವ 8.12ರ ಲೋಕಲ್ ಬಗ್ಗೆ ಕನ್ನಡದಲ್ಲಿ ಒಂದು ಸಾಲು ಹಾಡಿದರೆ, ಆ ಭಾಷೆ ಅದರ ಸ್ವಂತದ್ದು. ಬೆಳಗಿನ ರೈಲಿಗೆ ಮಾತಿಲ್ಲದ ಭಾಷೆ, ಬೆಳಗಿನ ರೈಲು ಹಿಡಿಯುವವರ ಮನೆಯಲ್ಲಿ ಎಷ್ಟು ದಿನ ಬದುಕೀತು?

ಮತ್ತೆ "ನಾಡು" ಅಂದರೆ ಯಾವುದು? 1956ರ ಅಕ್ಟೋಬರ್ 31ರ ರಾತ್ರಿಯವರೆಗೆ ಧಾರವಾಡ, ವಿಜಾಪುರ, ಬೆಳಗಾವಿ, ಕಾರವಾರದವರಿಗೆ ರಾಜಧಾನಿ ಇದೇ ಮುಂಬೈ. ಮಾರನೆಯ ದಿನ ಏಕೀಕರಣವಾಯಿತು, ಒಳ್ಳೆಯದೇ ಆಯಿತು, ಬೇಕಾಗಿತ್ತು. ಆದರೆ ಗಡಿ ಗೆರೆ ಎಳೆದ ಮಾತ್ರಕ್ಕೆ ಇಲ್ಲಿ ಬೆವರು ಸುರಿಸಿದ ಕನ್ನಡ ಸುಳ್ಳಾಗುತ್ತದೆಯೇ? ಅದೇ ವರ್ಷ ಪಡುಕೋಣೆಯ ಹೆಸರಿನವರೊಬ್ಬರು ಮಾಡಿದ ಸಿನಿಮಾದಲ್ಲಿ ಈ ಊರಿಗೆ ಅದರ ಹಾಡು ಸಿಕ್ಕಿತು. ಅಷ್ಟು ಹತ್ತಿರ ಬಂದಿದ್ದೆವು ನಾವು.

ನನ್ನ ಬೇಡಿಕೆ ದೊಡ್ಡದಲ್ಲ. ಹತ್ತು ಹಾಡಿನಲ್ಲಿ ಒಂಬತ್ತು ಊರಿಗಿರಲಿ, ಒಂದು ಈ ಊರಿಗಿರಲಿ. ಹೊಗಳಬೇಕು ಅಂತಿಲ್ಲ, ಬೈಯಲಿ. ಒಳ್ಳೆಯ ನಗರದ ಹಾಡೆಲ್ಲ ಅರ್ಧ ಬೈಗಳವೇ. ವ್ಯಾಕರಣ ತಪ್ಪಿದರೆ ನಮ್ಮಲ್ಲಿ ಮೇಷ್ಟ್ರುಗಳಿದ್ದಾರೆ, ತಿದ್ದುತ್ತಾರೆ. ಮರಾಠಿ ಶಬ್ದ ಬಂದರೆ ಬರಲಿ, ನಾವು ಮನೆಯಲ್ಲಿ ಆಡುವ ಕನ್ನಡದಲ್ಲಿ ಬರುವುದಿಲ್ಲವೇ? "ಖೋಲಿ", "ಡಬ್ಬಾ", "ಪಗಾರ" ಇಲ್ಲದೆ ನೀವು ಒಂದು ದಿನ ಮಾತಾಡಿ ತೋರಿಸಿ.

ನಿನ್ನೆ ಆ ಹುಡುಗನಿಗೆ ಫೋನ್ ಮಾಡಿದೆ. ತಪ್ಪಾಯಿತು ಮಾರಾಯ, ಆವತ್ತೇ ನಾನು ಹೇಳಬೇಕಿತ್ತು ಅಂದೆ. ಅವನು ನಕ್ಕ. "ಪರವಾಗಿಲ್ಲ ಅಂಕಲ್. ಕಾಲೇಜಿನವರು ಕೇಳಿದ್ದಾರೆ, ಅದನ್ನೇ ಹಿಂದಿಯಲ್ಲಿ ಮಾಡ್ತಾ ಇದ್ದೇನೆ" ಅಂದ.

ಕೋಪ ಮಾಡಿಕೊಂಡಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

"ಎರಡೂ ಮಾಡು, ಕನ್ನಡದ್ದನ್ನು ಅಳಿಸಬೇಡ, ಮುಂದಿನ ಮೀಟಿಂಗಿಗೆ ತಾ" ಅಂದಿದ್ದೇನೆ. "ನೋಡ್ತೇನೆ ಅಂಕಲ್" ಅಂದಿದ್ದಾನೆ. ಮುಂದಿನ ಮೀಟಿಂಗು ತಿಂಗಳ ಎರಡನೆಯ ಭಾನುವಾರ. ಈ ಸಲ ತಲೆ ಅಲ್ಲಾಡಿಸುವ ಮುಂಚೆ ಕೈ ಎತ್ತುತ್ತೇನೆ. ನೀವಿರುವ ಊರಿನಲ್ಲೂ, ಪುಣೆಯೋ ಚೆನ್ನೈಯೋ ಹೈದರಾಬಾದೋ, ಇಂಥ ಹುಡುಗ ಹುಡುಗಿಯರು ಬಾಗಿಲ ಹತ್ತಿರ ಕೂತಿರುತ್ತಾರೆ. ಅವರು ಮೊಬೈಲು ಜೇಬಿಗೆ ಹಾಕಿಕೊಳ್ಳುವ ಮುಂಚೆ ಒಂದು ಮಾತು ಹೇಳಿ, ಏನಂತೀರಿ?